ಅಧ್ಯಕ್ಷರ ರಾಜೀನಾಮೆ ಆಮೇಲೆ ಕೇಳೋಣ

ಹುಡುಗರಾ, ರಾಜ್ಯಾಧ್ಯಕ್ಷರು ಕೆಳಗಿಳಿಯಬೇಕು ಅಂತ ಮನವಿ ಬರೆದುಕೊಂಡು, ಹಿರಿಯರ ಸಹಿಗಾಗಿ ಬಸ್ತಿಹಳ್ಳಿಯವರೆಗೂ ಬಂದಿದ್ದೀರಿ. ಸಂತೋಷ. ನಮ್ಮಂಥ ಸಣ್ಣ ಪಕ್ಷದಲ್ಲಿ ಸಿಟ್ಟು ಮಾಡಿಕೊಳ್ಳುವವರಾದರೂ ಉಳಿದಿದ್ದಾರಲ್ಲ! ಕೆಲಸ ಮುಗಿದ ಪಕ್ಷಗಳಲ್ಲಿ ಯಾರೂ ಜಗಳ ಆಡುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಹೇಳಿ: ಬೇಲೂರು ತಾಲ್ಲೂಕಿನಲ್ಲಿ ನಮ್ಮ ಪಕ್ಷದ ಸದಸ್ಯರು ಎಷ್ಟು ಜನ? ಹೆಸರು, ಊರು, ಕಟ್ಟಿದ ಚಂದಾ, ಕೊನೆಯ ಸಲ ನವೀಕರಿಸಿದ ತಾರೀಖು ಇಷ್ಟನ್ನು ಬರೆದಿಟ್ಟ ಪುಸ್ತಕ ಯಾರ ಕೈಯಲ್ಲಿದೆ?

ಶಾಲು ಹೊದ್ದವರೆಲ್ಲ ಸದಸ್ಯರಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವವರೂ ಅಲ್ಲ. ಪಟ್ಟಿಯೇ ಇಲ್ಲದ ಪಕ್ಷದಲ್ಲಿ ಅಧ್ಯಕ್ಷರನ್ನು ಇಳಿಸುವವರು ಯಾರು? ಸಭೆಗೆ ಎರಡು ಗಾಡಿ ಹೆಚ್ಚು ಜನ ತುಂಬಿಸಿಕೊಂಡು ಬಂದವನು. ಇವತ್ತು ಅವನು ನಿಮ್ಮ ಕಡೆ ಇರಬಹುದು, ನಾಳೆ ನಿಮ್ಮನ್ನು ಇಳಿಸುವವನೂ ಅವನೇ. ಅದಕ್ಕೇ ಹೇಳುವುದು, ಮೊದಲು ಪಟ್ಟಿ, ಆಮೇಲೆ ರಾಜೀನಾಮೆ. ಪಟ್ಟಿ ಸರಿಯಾದರೆ ಅಧ್ಯಕ್ಷರನ್ನು ಮನವಿ ಬರೆದು ಬೇಡಿಕೊಳ್ಳಬೇಕಾಗಿಲ್ಲ, ಓಟು ಹಾಕಿ ಬದಲಾಯಿಸಬಹುದು.

ನಮ್ಮ ನಾಡಿನಲ್ಲಿ ರೈತರ ಹೆಸರಿನ ರಾಜಕೀಯ ಹೇಗೆ ಎದ್ದಿತು, ಹೇಗೆ ಸೀಳಿತು ಅನ್ನುವುದನ್ನು ನೀವು ಓದಿಯಾದರೂ ತಿಳಿಯಬೇಕು. 1980ರಲ್ಲಿ ನರಗುಂದ, ನವಲಗುಂದದ ಕಡೆ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊಫೆಸರ್ ನಂಜುಂಡಸ್ವಾಮಿ ಎಲ್ಲ ಒಂದೇ ಜಮಖಾನದ ಮೇಲೆ ಕೂತು ಕಟ್ಟಿದ ಸಂಘ ಅದು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಹಳ್ಳಿ ಬಾಗಿಲಿಗೆ ಬೋರ್ಡು ಹಾಕಿದ ಕಾಲ. ಇಡೀ ರಾಜ್ಯವೇ ಹಸಿರು ಶಾಲು ನೋಡಿ ದಾರಿ ಬಿಡುತ್ತಿತ್ತು.

ಆದರೆ ಓಟಿನ ಲೆಕ್ಕ ಬೇರೆಯೇ ಆಯಿತು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಧಾರವಾಡ ಗ್ರಾಮಾಂತರ, ಕಿತ್ತೂರು ಎರಡರಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಿಂದ ಪ್ರೊಫೆಸರ್ ವಿಧಾನಸಭೆಗೆ ಹೋದರು. ಬೀದಿಯಲ್ಲಿ ಲಕ್ಷ ಜನ, ಸದನದಲ್ಲಿ ಇಬ್ಬರು. ಮುಂದೆ ಬಾಬಾಗೌಡರು ಬಿಜೆಪಿಗೆ ಹೋಗಿ ವಾಜಪೇಯಿ ಸಂಪುಟದಲ್ಲಿ ಮಂತ್ರಿಯಾದರು. 2004ರಲ್ಲಿ ಪ್ರೊಫೆಸರ್ ತೀರಿಕೊಂಡರು. ಬಣಗಳು ಹೆಚ್ಚುತ್ತಲೇ ಹೋದವು, ಎಲ್ಲ ಬಣದ ಹೆಗಲ ಮೇಲೂ ಅದೇ ಹಸಿರು. ಇದರಲ್ಲಿ ಯಾರದು ತಪ್ಪು ಎಂದು ಹುಡುಕುತ್ತಾ ಕೂರಬೇಡಿ, ಆ ಕೆಲಸಕ್ಕೆ ಬೇಕಾದಷ್ಟು ಹಿರಿಯರು ಇದ್ದಾರೆ. ನೀವು ಗಮನಿಸಬೇಕಾದ್ದು ಇಷ್ಟೇ: ಪ್ರೊಫೆಸರರ ಮಾತಿಗೆ ಇದ್ದ ತೂಕ ಸಂಘದ ಬೈಲಾಗೆ ಇರಲಿಲ್ಲ. ಮನುಷ್ಯ ಹೋದ ಮೇಲೆ ಜಗಳ ಬಗೆಹರಿಸಲು ಎಲ್ಲರೂ ಒಪ್ಪುವ ಜಾಗವೊಂದು ಉಳಿಯಲಿಲ್ಲ.

ಇನ್ನು ಲೆಕ್ಕ. ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ. ಇದು ನಮಗೆ ಗೊತ್ತಿರುವುದು ಕಲ್ಲಿನ ಮೇಲೆ ಬರೆಸಿಟ್ಟಿದ್ದರಿಂದ. ಆ ಕಾಲದ ದಾನಶಾಸನ ಯಾವುದನ್ನಾದರೂ ಓದಿಸಿ ಕೇಳಿ. ಕೊಟ್ಟವರು ಯಾರು, ಎಷ್ಟು ಭೂಮಿ, ಎಲ್ಲೆ ಯಾವ ಮರದಿಂದ ಯಾವ ಕೆರೆಗೆ, ಅಳಿಪಿದವನಿಗೆ ಎಂಥ ಶಾಪ, ಎಲ್ಲವೂ ಹಾದುಹೋಗುವವರ ಕಣ್ಣಿಗೆ ಬೀಳುವ ಹಾಗೆ ಇದೆ. ನಮ್ಮ ರಸೀದಿ ಪುಸ್ತಕ ಯಾರದೋ ಮನೆ ಬೀರುವಿನಲ್ಲಿದೆ. ಹೋಬಳಿ ಸಭೆಯಲ್ಲಿ ಮೊದಲ ವಿಷಯವೇ ಲೆಕ್ಕ ಓದುವುದಾಗಲಿ. ಮೈಕ್ ಸೆಟ್ಟಿಗೆ ಎಷ್ಟು, ಊಟಕ್ಕೆ ಎಷ್ಟು, ಡೀಸೆಲ್‌ಗೆ ಎಷ್ಟು, ಜೋರಾಗಿ ಓದಿ. ಹಣ ಕೊಟ್ಟವನ ಹೆಸರನ್ನೂ ಓದಿ. ಹೆಸರು ಓದಬೇಡಿ ಎಂದು ಕೇಳಿಕೊಂಡವನ ಹಣ ವಾಪಸ್ಸು ಕೊಡಿ. ಇದನ್ನು ಮಾಡಲು ರಾಜ್ಯ ಸಮಿತಿಯ ಅನುಮತಿ ಬೇಕಿಲ್ಲ, ಯಾರೂ ಶಿಸ್ತುಕ್ರಮ ತೆಗೆದುಕೊಳ್ಳುವುದಕ್ಕೂ ಆಗುವುದಿಲ್ಲ. ನಮ್ಮ ಹೋಬಳಿ ಓದಿದರೆ ಪಕ್ಕದ ಜಾವಗಲ್ಲಿನವರೂ ಓದಲೇಬೇಕಾಗುತ್ತದೆ. ಸುಧಾರಣೆ ಒಳಗಿನಿಂದ ಆಗುವುದು ಹೀಗೆ, ನಾಚಿಕೆಯಿಂದ.

ಪಕ್ಷಕ್ಕೆ ಚೈತನ್ಯ ಬರಬೇಕಾದರೆ ದೊಡ್ಡ ಸಮಾವೇಶ ಮಾಡಬೇಕು ಅನ್ನುತ್ತೀರಿ. ಒಂದು ಸಮಾವೇಶದ ಖರ್ಚಿನಲ್ಲಿ ನಾಡಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ ಹಾಕಿ ವರ್ಷವಿಡೀ ವಾರಕ್ಕೊಮ್ಮೆ ಕೂರಬಹುದು. ಪೌತಿ ಖಾತೆ ಆಗದೆ ಅಲೆಯುವ ವಿಧವೆಯರು, ಪೋಡಿ ಆಗದೆ ಸಾಲ ಸಿಗದ ಅಣ್ಣತಮ್ಮಂದಿರು, ಪಹಣಿಯಲ್ಲಿ ಬೆಳೆ ಕಾಲಂ ತಪ್ಪಾಗಿ ಕೊಬ್ಬರಿ ಖರೀದಿ ಕೇಂದ್ರದಲ್ಲಿ ನೋಂದಣಿ ಆಗದವರು ಎಲ್ಲರೂ ಅಲ್ಲಿಯೇ ನಿಂತಿರುತ್ತಾರೆ. ಅರ್ಜಿ ಬರೆದುಕೊಡಿ, ಸ್ವೀಕೃತಿ ಚೀಟಿ ಕೊಡಿಸಿ, ಮುಂದಿನ ವಾರ ಏನಾಯಿತು ಎಂದು ನೀವೇ ಕೇಳಿ. ಕಾಡಾನೆ ತುಳಿದ ತೋಟದ ಪರಿಹಾರದ ಫೈಲು ಯಾವ ಟೇಬಲಿನಲ್ಲಿ ಕೂತಿದೆ ಎಂದು ಬಾಯಲ್ಲಿ ಹೇಳಬಲ್ಲ ಇಬ್ಬರು ಹುಡುಗರಿದ್ದರೆ ಅದೇ ಪಕ್ಷದ ಪ್ರಣಾಳಿಕೆ. ಯಗಚಿ ನೀರು ದ್ವಾರಸಮುದ್ರ ಕೆರೆಗೆ ಬರಲಿ ಎಂದು ರಣಘಟ್ಟ ಯೋಜನೆಗಾಗಿ ಹಳೇಬೀಡು, ಮಾದಿಹಳ್ಳಿ ಕಡೆಯ ಜನ ಬೀದಿಗೆ ಇಳಿದರಲ್ಲ, ಅವರಿಗೆ ಯಾವ ಪಕ್ಷವೂ ಹುಮ್ಮಸ್ಸು ತುಂಬಬೇಕಾಗಿರಲಿಲ್ಲ. ಜನರಲ್ಲಿ ಕಸುವು ಇದೆ. ಹೋರಾಟ ಮುಗಿದ ಮಾರನೇ ದಿನದ ಕಾಗದದ ಕೆಲಸ ಮಾಡುವವರು ಮಾತ್ರ ಇಲ್ಲ.

ಗೆಲ್ಲುವ ವಿಚಾರಕ್ಕೆ ಬರೋಣ. ಹೆಚ್ಚು ಕ್ಷೇತ್ರಗಳಲ್ಲಿ ನಿಂತರೆ ಪಕ್ಷ ಬೆಳೆದಂತೆ ಅನ್ನುವುದು ಭ್ರಮೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ನಮ್ಮಂಥವರಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ನಮಗೆ ಖಾಯಂ ಚಿಹ್ನೆ ಇಲ್ಲ, ಚುನಾವಣಾ ಆಯೋಗದ ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಕೇಳಿ ಪಡೆಯಬೇಕು. ಚಲಾವಣೆಯಾದ ಮತದ ಆರನೇ ಒಂದು ಭಾಗ ಬರದಿದ್ದರೆ ವಿಧಾನಸಭೆಯ 10,000 ರೂಪಾಯಿ ಠೇವಣಿ ಹೋಯಿತು. ಹೀಗಿರುವಾಗ ಓಟು ಬೀಳುವುದು ಚಿಹ್ನೆ ನೋಡಿ ಅಲ್ಲ, ಮುಖ ನೋಡಿ. ಮುಖ ಪರಿಚಯ ಆಗಲು ವರ್ಷಗಳೇ ಬೇಕು.

ಪಾಂಡವಪುರದ ಕಡೆ ನೋಡಿ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಅಲ್ಲಿಂದ ಗೆದ್ದರು. ಕ್ಷೇತ್ರದ ಹೆಸರು ಮೇಲುಕೋಟೆ ಆದ ಮೇಲೆ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮತ್ತೆ ಗೆದ್ದರು. ನಡುವೆ ಹತ್ತೊಂಬತ್ತು ವರ್ಷ! ಆದರೂ ಊರು ಬಿಡಲಿಲ್ಲ. 2018ರಲ್ಲಿ ಅವರು ತೀರಿಕೊಂಡ ಮೇಲೆ ಮಗ ದರ್ಶನ್ ಸ್ವರಾಜ್ ಇಂಡಿಯಾ ಹೆಸರಿನಲ್ಲಿ ನಿಂತು ಸೋತರು, 2023ರಲ್ಲಿ ಸರ್ವೋದಯದ ಹೆಸರಿನಲ್ಲಿ ಅಲ್ಲಿಯೇ ನಿಂತು ಗೆದ್ದರು. ಕಾಂಗ್ರೆಸ್ ಅಭ್ಯರ್ಥಿ ಹಾಕಲಿಲ್ಲ, ಅದಕ್ಕೇ ಗೆದ್ದರು ಎಂದು ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ. ಕಾಲ ಕೆಳಗೆ ನೆಲ ಇಲ್ಲದವನಿಗೆ ಯಾವ ದೊಡ್ಡ ಪಕ್ಷವೂ ಜಾಗ ಬಿಟ್ಟುಕೊಡುವುದಿಲ್ಲ. ಅಪ್ಪನ ನಂತರ ಮಗ ಅನ್ನುವುದು ನನಗೆ ಅಷ್ಟು ಹಿಡಿಸದ ಮಾತು, ಅದನ್ನೂ ಹೇಳಿಬಿಡುತ್ತೇನೆ. ದೊಡ್ಡ ಪಕ್ಷಗಳ ಆ ರೋಗಕ್ಕೆ ನಮ್ಮ ಜಿಲ್ಲೆಯವರು ಬೇರೆ ಕಡೆ ಉದಾಹರಣೆ ಹುಡುಕಬೇಕಾಗಿಲ್ಲ. ಸಣ್ಣ ಪಕ್ಷದಲ್ಲಾದರೂ ಎರಡನೇ ಸಾಲಿನವರು ಮನೆಯ ಹೊರಗಿನಿಂದ ಬರಬೇಕು.

ಹೊಸ ಪಕ್ಷ ಮಾಡಿಬಿಡೋಣ ಅನ್ನುವ ಮಾತು ನಿಮ್ಮಲ್ಲಿ ಒಬ್ಬಿಬ್ಬರ ಬಾಯಲ್ಲಿ ಬಂತು. ಮಾಡಬಹುದು, ನೂರು ಸದಸ್ಯರಿದ್ದರೆ ಆಯೋಗಕ್ಕೆ ಅರ್ಜಿ ಹಾಕಬಹುದು. 2019ರಿಂದ ಒಂದು ಚುನಾವಣೆಗೂ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ಅವೆಲ್ಲವೂ ಯಾವಾಗಲೋ ಯಾರೋ ಆಸೆಯಿಂದ ಕಟ್ಟಿದವೇ. ಒಳಗೆ ಇದ್ದು ಸೋತರೂ ಅನುಭವ ಉಳಿಯುತ್ತದೆ, ಹೊರಗೆ ಹೋದರೆ ಮತ್ತೆ ಲೆಟರ್‌ಹೆಡ್‌ನಿಂದ ಶುರು ಮಾಡಬೇಕು.

ಕೊನೆಯದಾಗಿ, ನಿಮ್ಮ ಗುಂಪಿನಲ್ಲಿ ಒಬ್ಬಳೂ ಹೆಣ್ಣುಮಗಳಿಲ್ಲ. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಮೀಸಲಾತಿ ಪಟ್ಟಿ ಬಂದ ರಾತ್ರಿ ಎಲ್ಲ ಪಕ್ಷದವರೂ ಮುಖಂಡನ ಹೆಂಡತಿಯ ಹೆಸರು ಬರೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಸ್ವಸಹಾಯ ಸಂಘದ ಪುಸ್ತಕ ಬರೆಯುವ, ಬ್ಯಾಂಕ್ ಮ್ಯಾನೇಜರ್ ಎದುರು ನಿಂತು ಮಾತಾಡುವ ಹೆಣ್ಣುಮಕ್ಕಳು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಬರುತ್ತದೋ ಬರಲಿ. ಅಂಥ ಇಬ್ಬರನ್ನು ಈ ತಿಂಗಳೇ ಮನೆಗೆ ಹೋಗಿ ಕೇಳಿ, ಹೋಬಳಿ ಸಮಿತಿಗೆ ಸೇರಿಸಿಕೊಂಡು ರಸೀದಿ ಪುಸ್ತಕವನ್ನು ಅವರ ಕೈಗೇ ಕೊಡಿ.