ಹಳೆಯ ಟ್ರ್ಯಾಕ್ಟರ್ ಎಂಜಿನ್: ವಾಲ್ವ್ ಗೈಡ್ ಮತ್ತು ಸೀಟುಗಳ ಬದಲಾವಣೆ

ಮುಂಬಯಿಯ ವಿಲೆ ಪಾರ್ಲೆಯಿಂದ ಪಶ್ಚಿಮ ರೈಲ್ವೆಯ ಉಪನಗರ ಗಾಡಿಯಲ್ಲಿ ಉತ್ತರಕ್ಕೆ ಸಾಗಿದರೆ ಕಾಂದಿವಲಿ ಸಿಗುತ್ತದೆ. ಮಹೀಂದ್ರ ಸಂಸ್ಥೆಯು 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಸಹಯೋಗದೊಡನೆ ಟ್ರ್ಯಾಕ್ಟರ್ ತಯಾರಿಕೆಗೆ ತೊಡಗಿತು. ಕಾಂದಿವಲಿಯಲ್ಲಿ ತಯಾರಾದ ಬಿ-275 ಮಾದರಿಯು ರೈತರಲ್ಲಿ ಮನೆಮಾತಾಯಿತು. ಇಂತಹ ಹಳೆಯ ಎಂಜಿನ್ನುಗಳನ್ನು ತಕ್ಕ ದುರಸ್ತಿಯಿಂದ ಮತ್ತೆ ದುಡಿಸಬಹುದು. ಆದರೆ ದುರಸ್ತಿಯ ಕ್ರಮ ತಪ್ಪಿದರೆ ಹಣ ವ್ಯರ್ಥವಾಗುವುದಲ್ಲದೆ ಉಳುಮೆಯ ಹದವೂ ಕೈತಪ್ಪುತ್ತದೆ.

ಸಿಲಿಂಡರಿನೊಳಕ್ಕೆ ಗಾಳಿಯನ್ನು ಬಿಡುವ ಹಾಗೂ ಹೊಗೆಯನ್ನು ಹೊರಹಾಕುವ ದಾರಿಗಳನ್ನು ತೆರೆದು ಮುಚ್ಚುವ ಭಾಗವೇ ವಾಲ್ವ್. ಅದರ ಕಾಂಡವು ಚಲಿಸುವ ಕೊಳವೆಗೆ ಗೈಡ್ ಎಂದೂ, ತಲೆಯು ಕುಳಿತುಕೊಳ್ಳುವ ಇಳಿಜಾರಾದ ಅಂಚಿಗೆ ಸೀಟು ಎಂದೂ ಹೆಸರು. ಗೈಡ್ ಸವೆದರೆ ಎಂಜಿನ್ ಎಣ್ಣೆಯು ಒಳಗಿಳಿದು ಉರಿದು ನೀಲಿ ಹೊಗೆ ಬರುತ್ತದೆ. ಸೀಟು ಸವೆದರೆ ಒತ್ತಡ ಸೋರಿ ಎಂಜಿನ್ ಸುಲಭವಾಗಿ ಚಾಲೂ ಆಗುವುದಿಲ್ಲ.

ಪಿಸ್ಟನ್ ರಿಂಗುಗಳು ಸವೆದಾಗಲೂ ಇವೇ ಲಕ್ಷಣಗಳು ಕಾಣುವುದರಿಂದ ಹೆಡ್ ಬಿಚ್ಚುವ ಮೊದಲು ಪರೀಕ್ಷೆ ಅವಶ್ಯಕ. ಎರಡೂ ವಾಲ್ವುಗಳು ಮುಚ್ಚಿರುವ ಸ್ಥಿತಿಯಲ್ಲಿ ಸಿಲಿಂಡರಿಗೆ ಒತ್ತಡದ ಗಾಳಿಯನ್ನು ಹಾಯಿಸಬೇಕು. ಹೊಗೆಕೊಳವೆಯಲ್ಲಾಗಲಿ ಗಾಳಿ ಎಳೆಯುವ ಕೊಳವೆಯಲ್ಲಾಗಲಿ ಸದ್ದು ಕೇಳಿದರೆ ದೋಷವು ವಾಲ್ವುಗಳದ್ದು. ಎಣ್ಣೆ ತುಂಬುವ ಬಾಯಿಯಲ್ಲಿ ಕೇಳಿದರೆ ರಿಂಗುಗಳದ್ದು.

ಹೆಡ್ಡನ್ನು ಇಳಿಸಿದ ಮೇಲೆ ಮೊದಲು ಗೈಡ್, ಅನಂತರ ಸೀಟು ಎಂಬ ಕ್ರಮವನ್ನು ಮೀರಬಾರದು. ಸೀಟನ್ನು ಕೊರೆಯುವ ಉಪಕರಣದ ನಡುಕಡ್ಡಿಯು ಗೈಡಿನೊಳಗೆ ನಿಲ್ಲುತ್ತದೆ. ಗೈಡ್ ಸವೆದಿದ್ದರೆ ಕಡ್ಡಿ ಅಲುಗಾಡಿ ಸೀಟು ಓರೆಯಾಗುತ್ತದೆ. ಓರೆಯಾದ ಸೀಟಿನಲ್ಲಿ ಹೊಸ ವಾಲ್ವೂ ಸೋರುತ್ತದೆ.

ಹಳೆಯ ಗೈಡ್ ಎಷ್ಟು ಹೊರಚಾಚಿತ್ತೆಂಬುದನ್ನು ಅಳೆದು ಬರೆದಿಟ್ಟುಕೊಂಡು, ಹೊಸದನ್ನು ಅಷ್ಟೇ ಮಟ್ಟಕ್ಕೆ ಕೂರಿಸಬೇಕು. ಅಗತ್ಯವಿದ್ದಲ್ಲಿ ಒಳರಂಧ್ರವನ್ನು ರೀಮರಿನಿಂದ ಕೈಪಿಡಿಯ ಅಳತೆಗೆ ತರಬೇಕು. ಸೀಟು ಹೆಚ್ಚು ತಗ್ಗಿದ್ದರೆ ವಾಲ್ವ್ ಆಳಕ್ಕಿಳಿದು ಒತ್ತಡ ಕುಗ್ಗುತ್ತದೆ. ಆಗ ಅಲ್ಲಿ ಗುಳಿ ಕೊರೆದು ಹೊಸ ಉಂಗುರವನ್ನು ಬಿಗಿಯಾಗಿ ಕೂರಿಸಬೇಕಾಗುತ್ತದೆ. ಉಂಗುರವು ಸಡಿಲವಿದ್ದರೆ ಓಡುವಾಗ ಕಳಚಿ ಬಿದ್ದು ಪಿಸ್ಟನ್ನನ್ನೇ ಒಡೆಯಬಹುದು. ಆದ್ದರಿಂದ ಈ ಕೆಲಸವನ್ನು ಸುತ್ತಿಗೆಗೆ ಬಿಡದೆ ಯಂತ್ರಶಾಲೆಯಲ್ಲಿಯೇ ಮಾಡಿಸತಕ್ಕದ್ದು.

ಕೊನೆಗೆ ವಾಲ್ವುಗಳನ್ನು ಪೇಸ್ಟಿನಿಂದ ಉಜ್ಜಿ ಹೊಂದಿಸಿ, ಪೇಸ್ಟಿನ ಕಣ ಉಳಿಯದಂತೆ ತೊಳೆಯಬೇಕು. ಸ್ಪ್ರಿಂಗುಗಳನ್ನು ಜೋಡಿಸಿ ಹೆಡ್ಡಿನ ಗಾಳಿದಾರಿಗಳಲ್ಲಿ ಸೀಮೆಎಣ್ಣೆ ಸುರಿದು ನೋಡಬೇಕು. ಕೆಲವು ನಿಮಿಷಗಳಾದರೂ ವಾಲ್ವಿನ ಅಂಚು ಒಣಗಿಯೇ ಇದ್ದರೆ ಕೆಲಸ ಸರಿಯಾಗಿದೆ. ಈ ಪರೀಕ್ಷೆಯನ್ನು ಮಾಲೀಕರು ಎದುರಿಗೆ ನಿಂತು ಮಾಡಿಸಿಕೊಳ್ಳುವುದು ಉತ್ತಮ.

ಟ್ರ್ಯಾಕ್ಟರ್ ನಿರ್ವಹಣೆಯ ತರಬೇತಿ ಬಯಸುವವರು ಕರ್ನಾಟಕದ ಗಡಿಗೆ ಹತ್ತಿರದಲ್ಲಿ, ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯನ್ನು ಸಂಪರ್ಕಿಸಬಹುದು. ದುರಸ್ತಿಯನ್ನು ಮುಂಗಾರಿಗೆ ಮುಂಚೆ, ಬೇಸಿಗೆಯಲ್ಲಿಯೇ ಮುಗಿಸಿಕೊಳ್ಳುವುದು ಲೇಸು.