ಪಡಸಾಲೆಯಲ್ಲೇ ಟೆಂಟ್ ಸಿನಿಮಾ

ಶಿರಾ ತಾಲ್ಲೂಕಿನ ನಮ್ಮ ಬರಗೂರು ಸೀಮೆಯಲ್ಲಿ ಸಿನಿಮಾ ನೋಡುವುದು ಎಂದೂ ಒಬ್ಬರ ಕೆಲಸವಾಗಿರಲಿಲ್ಲ. ಟೆಂಟಿಗೆ ಹೊರಟರೆ ಬೀದಿಗೆ ಬೀದಿಯೇ ಹೊರಡುತ್ತಿತ್ತು. ಆಮೇಲೆ ಗಣೇಶನ ಹಬ್ಬಕ್ಕೋ ಶಿವರಾತ್ರಿ ಜಾಗರಣೆಗೋ ಕಲರ್ ಟಿವಿ, ವಿಸಿಪಿ ಬಾಡಿಗೆಗೆ ತಂದು ಬೆಳಗಾಗುವವರೆಗೆ ಮೂರು ಸಿನಿಮಾ ಹಾಕುವ ಕಾಲ ಬಂತು. ಚಾಪೆ ಹಾಸಿ ಜಾಗ ಹಿಡಿಯಲು ಮಕ್ಕಳು ಸಂಜೆ ಐದಕ್ಕೇ ಓಡುತ್ತಿದ್ದರು. ಈಗ ಮನೆಮನೆಗೂ ದೊಡ್ಡ ಟಿವಿ ಇದೆ, ಕೈಕೈಗೂ ಫೋನಿದೆ. ಒಂದೇ ಮನೆಯ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕೂತು ನಾಲ್ಕು ಸಿನಿಮಾ ನೋಡುತ್ತಾರೆ. ಇದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಟೆಂಟಿನ ಸುಖ ಪರದೆಯೊಂದರಲ್ಲೇ ಇರಲಿಲ್ಲ. ಸುತ್ತ ಕೂತ ಜನ, ಕಾಯುವ ಹೊತ್ತು, ತಿನ್ನುವ ತಿಂಡಿ, ನಡುನಡುವೆ ಏಳುವ ಮಾತು, ಎಲ್ಲ ಸೇರಿ ಅದು ಸಿನಿಮಾ. ಅಷ್ಟನ್ನೂ ಮನೆಯೊಳಕ್ಕೆ ಕರೆತರಬಹುದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಯಾವ ಮನೆಯಲ್ಲಾದರೂ ಈ ಸೂತ್ರಗಳು ನಡೆಯುತ್ತವೆ. ಹೆಚ್ಚು ದುಡ್ಡು ಬೇಡ, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಕೊಟ್ಟರೆ ಸಾಕು.

1. ಸಿನಿಮಾ ಯಾವುದೆಂದು ಶುಕ್ರವಾರವೇ ತೀರ್ಮಾನಿಸಿ

ಶನಿವಾರ ರಾತ್ರಿ ರಿಮೋಟ್ ಹಿಡಿದು "ಇದು ಬೇಡ, ಅದು ನೋಡಾಗಿದೆ" ಎನ್ನುತ್ತ ಕೂತರೆ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತದೆ, ಅರ್ಧ ಜನ ಎದ್ದು ಹೋಗುತ್ತಾರೆ. ವಾರಕ್ಕೊಬ್ಬರಿಗೆ ಯಜಮಾನಿಕೆ ಕೊಡಿ. ಈ ವಾರ ಅಜ್ಜಿ, ಮುಂದಿನ ವಾರ ಮಗಳು, ಅದರಾಚೆಗೆ ಅಪ್ಪ. ಯಜಮಾನರು ಆರಿಸಿದ್ದನ್ನು ಉಳಿದವರು ತಕರಾರಿಲ್ಲದೆ ನೋಡಬೇಕು. ಎಂಟು ವರ್ಷದ ಹುಡುಗ ಆರಿಸಿದ ಕಾರ್ಟೂನನ್ನು ತಾತ ಪೂರ್ತಿ ನೋಡಿದರೆ, ತಾತ ಆರಿಸಿದ ಕಪ್ಪುಬಿಳುಪು ಸಿನಿಮಾದ ಮುಂದೆ ಆ ಹುಡುಗನೂ ಕೂರುತ್ತಾನೆ. ಊರಿನಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ ಇದ್ದರೆ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

2. ಮಕ್ಕಳಿಂದ ಟಿಕೆಟ್ ಮಾಡಿಸಿ

ಹಳೆಯ ಲಗ್ನಪತ್ರಿಕೆ ಕತ್ತರಿಸಿದರೆ ಒಳ್ಳೆಯ ಟಿಕೆಟ್ ಆಗುತ್ತದೆ. ಟೆಂಟಿನಲ್ಲಿದ್ದ ಹಾಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ ಇರಲಿ. ದುಡ್ಡಿನ ಬದಲು ಕೆಲಸವೇ ಬೆಲೆ: ಪಡಸಾಲೆ ಗುಡಿಸಿದವರಿಗೆ ಬೆಂಚು, ಎಲ್ಲರಿಗೂ ನೀರು ತುಂಬಿಸಿಟ್ಟವರಿಗೆ ನೆಲದ ಮುಂದಿನ ಸಾಲು. ಕುರ್ಚಿ ಮನೆಯ ಹಿರಿಯರಿಗೆ, ಅದಕ್ಕೆ ಟಿಕೆಟ್ ಕೇಳುವ ಹಾಗಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವ ಗೇಟ್‌ಕೀಪರ್ ಕೆಲಸಕ್ಕೆ ಮಕ್ಕಳು ಜಗಳವಾಡುವುದು ಖಂಡಿತ, ಸರದಿ ಗೊತ್ತುಮಾಡಿ. ಹಿಂದೆ ಗಾಡಿಗೆ ಮೈಕು ಕಟ್ಟಿಕೊಂಡು ಊರೂರಿಗೆ ಪ್ರಚಾರ ಬರುತ್ತಿತ್ತು. ಹಾಗೆಯೇ ಮಧ್ಯಾಹ್ನ ಒಬ್ಬ ಹುಡುಗ ತಟ್ಟೆ ಬಡಿಯುತ್ತ "ಇಂದು ರಾತ್ರಿ ನಮ್ಮ ಮನೆಯಲ್ಲಿ, ನೋಡಲು ಮರೆಯದಿರಿ" ಎಂದು ಅಂಗಳ ಸುತ್ತಿ ಬರಲಿ. ಪಕ್ಕದ ಮನೆಯ ಮಕ್ಕಳೂ ಬಂದುಬಿಡುತ್ತಾರೆ, ಬರಲಿ ಬಿಡಿ.

3. ಡೈರಿಗೆ ಹಾಲು ಹಾಕಿ ಬಂದ ಮೇಲೆ ಶುರುಮಾಡಿ

ಹಸು ಕಟ್ಟಿದ ಮನೆಯಲ್ಲಿ ಆರು ಗಂಟೆಗೆ ಸಿನಿಮಾ ಹಾಕಿದರೆ ಅವ್ವನಿಗೆ ಮೊದಲರ್ಧ ಸಿಗುವುದಿಲ್ಲ. ಹಾಲು ಕರೆದು, ಡೈರಿಗೆ ಹಾಕಿ, ಮೇವು ಹಾಕಿ, ಕೈಕಾಲು ತೊಳೆದು ಎಲ್ಲರೂ ಬಂದ ಮೇಲೆಯೇ ಶುರುವಾಗಬೇಕು. ಶುರುವಿಗೂ ಒಂದು ಗುರುತು ಇರಲಿ. ಟೆಂಟುಗಳಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಹಾಡು ಮೈಕಿನಲ್ಲಿ ಬಂತೆಂದರೆ ದಾರಿಯಲ್ಲಿದ್ದವರು ಓಡಲು ಶುರುಮಾಡುತ್ತಿದ್ದರು. ನಿಮ್ಮ ಮನೆಗೂ ಒಂದು ಹಾಡು ಗೊತ್ತುಮಾಡಿ, ಪ್ರತಿ ವಾರ ಅದನ್ನೇ ಹಾಕಿ. ನಾಲ್ಕನೇ ವಾರಕ್ಕೆ ಆ ಹಾಡು ಕೇಳಿದೊಡನೆ ಯಾರೂ ಕರೆಯದೆಯೇ ಎಲ್ಲರೂ ಬಂದು ಕೂರುತ್ತಾರೆ. ಅಡುಗೆಮನೆಯಲ್ಲಿ ಒಬ್ಬರು ಮುದ್ದೆ ತಿರುವುತ್ತ ಉಳಿದರೆ ಆ ರಾತ್ರಿಯ ಸಿನಿಮಾ ಸೋತ ಹಾಗೆ. ಅಡುಗೆ ಮೊದಲೇ ಮುಗಿಯಲಿ, ಎಲ್ಲರೂ ಕೈಹಾಕಿ ಮುಗಿಸಲಿ.

4. ಪರದೆ ಕಟ್ಟುವುದಾದರೆ ಕರಿ ಕಂಬಳಿ ಮರೆಯಬೇಡಿ

ಟಿವಿಯೇ ಸಾಕು. ಆದರೆ ಯಾರದ್ದಾದರೂ ಚಿಕ್ಕ ಪ್ರೊಜೆಕ್ಟರ್ ಎರವಲು ಸಿಕ್ಕರೆ ಅಂಗಳದಲ್ಲಿ ಒಂದು ರಾತ್ರಿ ಮಾಡಿ ನೋಡಿ. ಬಿಳಿ ಪಂಚೆ ಅಥವಾ ಬೆಡ್‌ಶೀಟನ್ನು ಸ್ವಲ್ಪ ಒದ್ದೆ ಮಾಡಿ ಎಳೆದು ಕಟ್ಟಿದರೆ ಸುಕ್ಕು ಹೋಗುತ್ತದೆ. ಮೇಲೊಂದು ಗಳ, ಕೆಳಗೊಂದು ಗಳ ಸೇರಿಸಿದರೆ ಗಾಳಿಗೆ ಹಾರುವುದಿಲ್ಲ. ತೆಳ್ಳನೆ ಬಟ್ಟೆಯ ಮೂಲಕ ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗುತ್ತದೆ, ಅದರ ಹಿಂದೆ ಕರಿ ಕಂಬಳಿಯೊಂದನ್ನು ಇಳಿಬಿಟ್ಟರೆ ಬಣ್ಣ ಎದ್ದು ಕಾಣುತ್ತದೆ. ಕಡಿಮೆ ಬೆಲೆಯ ಪ್ರೊಜೆಕ್ಟರುಗಳಿಗೆ ಬೆಳಕು ಕಡಿಮೆ, ಹಾಗಾಗಿ ಪೂರ್ತಿ ಕತ್ತಲಾಗುವವರೆಗೆ ಕಾಯಬೇಕು. ಒಳಗೆ ಟಿವಿ ನೋಡುವುದಾದರೆ ತಿರುಗುಮುರುಗು: ಪೂರ್ತಿ ಕತ್ತಲೆ ಕಣ್ಣಿಗೆ ಆಯಾಸ, ಟಿವಿಯ ಹಿಂದೆ ಒಂದು ಚಿಕ್ಕ ಬಲ್ಬು ಉರಿಯುತ್ತಿರಲಿ.

5. ಶಬ್ದಕ್ಕೆ ತಂತಿಯೇ ವಾಸಿ

ಬ್ಲೂಟೂತ್ ಸ್ಪೀಕರಿನಲ್ಲಿ ಕೆಲವೊಮ್ಮೆ ತುಟಿ ಮೊದಲು, ಮಾತು ಆಮೇಲೆ ಬರುತ್ತದೆ. ವೈರ್ ಹಾಕಿ. ಸ್ಪೀಕರನ್ನು ಪರದೆಯ ಬುಡದಲ್ಲಿಡಿ, ಬೆನ್ನ ಹಿಂದೆ ಇಡಬೇಡಿ.

6. ಪಾಪ್‌ಕಾರ್ನಿಗಾಗಿ ಪೇಟೆಗೆ ಹೋಗಬೇಡಿ

ಕಡ್ಲೇಕಾಯಿಯ ಸೀಮೆಯಲ್ಲಿದ್ದುಕೊಂಡು ಪಾಪ್‌ಕಾರ್ನ್ ಪೊಟ್ಟಣ ಒಡೆಯುವುದೇ? ಹಸಿ ಕಾಯಿ ಸಿಗುವ ಕಾಲದಲ್ಲಿ ಉಪ್ಪು ಹಾಕಿ ಬೇಯಿಸಿ, ಉಳಿದ ಕಾಲದಲ್ಲಿ ಬಾಣಲೆಯಲ್ಲಿ ಮರಳು ಹಾಕಿ ಹುರಿಯಿರಿ. ಕಡ್ಲೆಪುರಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ ಹಾಕಿ ಕಲಸುವ ಕೆಲಸವನ್ನು ಮನೆಯ ಗಂಡಸರಿಗೆ ಬಿಡಿ. ಮೆತ್ತಗಾಗದಿರಬೇಕಾದರೆ ಪರದೆ ಬೆಳಗಿದ ಮೇಲೆಯೇ ಕಲಸಬೇಕು.

ಇನ್ನೊಂದು ಮಜಾ ಇದೆ. ಸಿನಿಮಾದಲ್ಲಿ ತಿನ್ನುವುದನ್ನೇ ಮನೆಯಲ್ಲೂ ತಿನ್ನುವುದು. ಭೂತಯ್ಯನ ಮಗ ಅಯ್ಯು ಸಿನಿಮಾದ ಉಪ್ಪಿನಕಾಯಿ ದೃಶ್ಯ ನಟ ಲೋಕನಾಥ್ ಅವರ ಹೆಸರಿಗೇ ಅಂಟಿಕೊಂಡಿತು. ಆ ದೃಶ್ಯ ಬರುವ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಸರನ್ನದ ತಟ್ಟೆ ಇರಲಿ, ಉಪ್ಪಿನಕಾಯಿ ಜಾಡಿ ನಡುವೆ ಇರಲಿ. ಮಕ್ಕಳು ಆ ಸಿನಿಮಾವನ್ನು ನಾಲಿಗೆಯಲ್ಲೇ ನೆನಪಿಟ್ಟುಕೊಳ್ಳುತ್ತಾರೆ.

7. ಕೈಗೆ ಕೆಲಸ ಕೊಡಿ

ಇದು ನಮ್ಮ ಕಡೆಯ ಮನೆಗಳಿಗೇ ಹೇಳಿಮಾಡಿಸಿದ ಸೂತ್ರ. ಬಿತ್ತನೆಗೆ ಮುಂಚೆ ಬೀಜದ ಕಡ್ಲೇಕಾಯಿ ಸುಲಿಯುವುದು ದೊಡ್ಡ ಕೆಲಸ. ಒಬ್ಬರೇ ಕೂತರೆ ಬೆರಳು ಸವೆಯುತ್ತದೆ, ಮೂಟೆ ಕರಗುವುದಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುವುದೂ ಹಾಗೆಯೇ. ಆ ಮೂಟೆಯನ್ನು ಪಡಸಾಲೆಗೆ ತಂದು ಸುರಿಯಿರಿ, ಎಲ್ಲರ ಮುಂದೆ ಒಂದೊಂದು ಮೊರ ಇಡಿ. ಕಣ್ಣು ಸಿನಿಮಾದ ಮೇಲೆ, ಕೈ ಕಾಯಿಯ ಮೇಲೆ. ಸಿನಿಮಾ ಮುಗಿದ ಮೇಲೆ ಸೇರಿನಲ್ಲಿ ಅಳೆದು ಯಾರದ್ದು ಹೆಚ್ಚು ಎಂದು ನೋಡಿ. ಗೆದ್ದವರಿಗೆ, ಸರದಿ ಇಲ್ಲದಿದ್ದರೂ, ಮುಂದಿನ ವಾರದ ಯಜಮಾನಿಕೆ.

ಇದರಲ್ಲಿ ನಾನು ಕಂಡ ಒಂದು ವಿಷಯ: ಹೊಡೆದಾಟ ಬಂದರೆ ಚಿಪ್ಪು ಒಡೆಯುವ ಚಟಪಟ ಜೋರಾಗುತ್ತದೆ, ದುಃಖದ ದೃಶ್ಯ ಬಂದರೆ ಒಮ್ಮೆಗೇ ನಿಂತುಹೋಗುತ್ತದೆ. ಯಾರೂ ಬಾಯಿ ಬಿಡದೆಯೇ ಇಡೀ ಮನೆಗೆ ಸಿನಿಮಾ ತಟ್ಟಿತೆಂದು ಗೊತ್ತಾಗುತ್ತದೆ. ಕೈಯಲ್ಲಿ ಕಾಯಿ ಇದ್ದಾಗ ಫೋನ್ ಹಿಡಿಯಲೂ ಆಗುವುದಿಲ್ಲ, ಅದಕ್ಕೆ ಬೇರೆ ಕಟ್ಟಳೆ ಬೇಕಿಲ್ಲ. ಒಂದೇ ಎಚ್ಚರಿಕೆ: ಬಿತ್ತನೆ ಬೀಜಕ್ಕೆ ಪೆಟ್ಟು ಬೀಳಬಾರದು, ಸಿಪ್ಪೆ ಹರಿದರೆ ಮೊಳಕೆ ಕೆಡುತ್ತದೆ. ಚಿಕ್ಕ ಮಕ್ಕಳಿಗೆ ಎಣ್ಣೆಗೆ ಹೋಗುವ ಕಾಯಿಯನ್ನೇ ಕೊಡಿ.

8. ನಮ್ಮ ತಾಲ್ಲೂಕಿನವರ ಸಿನಿಮಾದಿಂದ ಶುರುಮಾಡಿ

ಬಂಗಾರದ ಮನುಷ್ಯ ನಿರ್ದೇಶಿಸಿದ ಸಿದ್ದಲಿಂಗಯ್ಯನವರು ಶಿರಾ ತಾಲ್ಲೂಕಿನ ತರೂರಿನವರು ಎಂದು ನಿಮ್ಮ ಮನೆಯ ಮಕ್ಕಳಿಗೆ ಗೊತ್ತೇ? ಕೇಳಿ ನೋಡಿ. 1969ರಲ್ಲಿ ಮೇಯರ್ ಮುತ್ತಣ್ಣನಿಂದ ಶುರುಮಾಡಿದ ಅವರು 1972ರಲ್ಲಿ ಬಂಗಾರದ ಮನುಷ್ಯ, 1974ರಲ್ಲಿ ಭೂತಯ್ಯನ ಮಗ ಅಯ್ಯು ಕೊಟ್ಟರು. ಬಂಗಾರದ ಮನುಷ್ಯ ಟಿ.ಕೆ. ರಾಮರಾವ್ ಅವರ ಕಾದಂಬರಿಯಿಂದ ಬಂದದ್ದು, ಭೂತಯ್ಯನ ಮಗ ಅಯ್ಯು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಬರಹದಿಂದ. ಎರಡರಲ್ಲೂ ಹಳ್ಳಿಯೇ ನಾಯಕ.

ಬಂಗಾರದ ಮನುಷ್ಯವನ್ನು ನಮ್ಮಂಥ ಒಣಸೀಮೆಯಲ್ಲಿ ನೋಡುವ ರೀತಿಯೇ ಬೇರೆ. ರಾಜ್‌ಕುಮಾರ್ ಅಭಿನಯದ ರಾಜೀವ ಕಲ್ಲುನೆಲವನ್ನು ಹಸನು ಮಾಡಲು ಹೊರಟಾಗ ಸಿನಿಮಾ ನಿಲ್ಲಿಸಿ. ಹೌದು, ನಿಲ್ಲಿಸಿ. "ತಾತ, ನಮ್ಮ ಹೊಲದ ಬಾವಿ ತೋಡಿದ್ದು ಯಾರು?" ಎಂದು ಕೇಳಿ. ಎಷ್ಟು ಮಟ್ಟು ತೋಡಿದರು, ಬಂಡೆ ಎಲ್ಲಿ ಸಿಕ್ಕಿತು, ಮದ್ದು ಇಟ್ಟು ಸಿಡಿಸಿದವರು ಯಾರು, ನೀರು ಚಿಮ್ಮಿದ ದಿನ ಏನು ಹಂಚಿದರು, ಆಮೇಲೆ ಆ ಬಾವಿ ಬತ್ತಿ ಬೋರ್‌ವೆಲ್ ಕೊರೆಸಿದ್ದು ಹೇಗೆ, ಸಾವಿರ ಅಡಿಗೆ ಇಳಿದರೂ ಬರೀ ದೂಳೇ ಎದ್ದ ದಿನ ಮನೆಯಲ್ಲಿ ಯಾರೂ ಊಟ ಮಾಡದೆ ಮಲಗಿದ್ದು ಹೇಗೆ. ಹತ್ತು ನಿಮಿಷದ ತಡೆ ಅರ್ಧ ಗಂಟೆಯಾಗಬಹುದು. ಆಗಲಿ. ಟೆಂಟಿನಲ್ಲಿ ಒಂದೇ ಯಂತ್ರವಿದ್ದಾಗ ರೀಲು ಬದಲಿಸಲು ಸಿನಿಮಾ ಮೂರು ನಾಲ್ಕು ಸಲ ನಿಲ್ಲುತ್ತಿತ್ತು, ಜನ ಆ ಬಿಡುವಿನಲ್ಲೇ ತಮ್ಮ ಕಥೆ ಸೇರಿಸಿಕೊಳ್ಳುತ್ತಿದ್ದರು. ಆಮೇಲೆ ಮತ್ತೆ ಸಿನಿಮಾ ಶುರುವಾದಾಗ ರಾಜೀವ ಪರದೆಯ ಮೇಲಿನ ರಾಜ್‌ಕುಮಾರ್ ಒಬ್ಬರೇ ಆಗಿ ಉಳಿದಿರುವುದಿಲ್ಲ.

ಇನ್ನೊಂದು ವಾರ ಬರಗೂರಿನಲ್ಲೇ ಹುಟ್ಟಿದ ಬರಗೂರು ರಾಮಚಂದ್ರಪ್ಪನವರ ಸಿನಿಮಾ ಇರಲಿ. ಶಿವರಾಜ್‌ಕುಮಾರ್ ನಟಿಸಿದ ಹಗಲುವೇಷ ಮಕ್ಕಳಿಗೂ ಹಿಡಿಸುತ್ತದೆ. ಜನ್ನನ ಯಶೋಧರ ಚರಿತೆಯನ್ನು ಆಧರಿಸಿದ ಅಮೃತಮತಿ, ಕಾಲೇಜು ಓದುವ ಮಕ್ಕಳಿದ್ದರೆ ನೋಡಲೇಬೇಕಾದದ್ದು. ಪಠ್ಯದಲ್ಲಿ ಓದಿದ ಹಳಗನ್ನಡ ಕಾವ್ಯದ ರಾಣಿ ಪಡಸಾಲೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಅವರು ನೋಡಲಿ.

9. ಎರಡು ಭಾಷೆಯ ಮನೆಗೆ ಮಾತಿಲ್ಲದ ಸಿನಿಮಾ

ಪಾವಗಡದ ಮೂರು ಮಗ್ಗುಲಿಗೂ ಆಂಧ್ರ. ಅಲ್ಲಿ ಅತ್ತೆ ತೆಲುಗು, ಸೊಸೆ ಕನ್ನಡ ಎನ್ನುವ ಮನೆಗಳು ಎಷ್ಟೋ. ಯಾವ ಭಾಷೆಯ ಸಿನಿಮಾ ಎಂಬ ಚರ್ಚೆ ಬಂದರೆ ಪುಷ್ಪಕ ವಿಮಾನ ಹಾಕಿ. ಸಿಂಗೀತಂ ಶ್ರೀನಿವಾಸರಾವ್ ಅವರು 1987ರಲ್ಲಿ ಬೆಂಗಳೂರಿನಲ್ಲೇ ತೆಗೆದ ಈ ಸಿನಿಮಾದಲ್ಲಿ ಸಂಭಾಷಣೆಯೇ ಇಲ್ಲ. ಕಮಲಹಾಸನ್ ಮುಖ ನೋಡಿಯೇ ನಗಬೇಕು. ಎರಡನೇ ಸಲ ನೋಡುವಾಗ ಆಟ ಶುರು: ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ತಮ್ಮ ಮನೆಮಾತಿನಲ್ಲಿ ಮಾತು ಕೊಡಬೇಕು. ಕಮಲಹಾಸನ್ "ಏನ್ಲಾ, ಎಲ್ಗೋಯ್ತಿದೀಯ?" ಎಂದು ಶಿರಾ ಕಡೆ ಕನ್ನಡದಲ್ಲಿ ಕೇಳಿದರೆ, ನಾಯಕಿ ಅಮಲಾ ಪರವಾಗಿ ಅಜ್ಜಿ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಬೇರೆ ಯಾವ ಸಿನಿಮಾವನ್ನಾದರೂ ಶಬ್ದ ನಿಲ್ಲಿಸಿ ಹೀಗೆ ಆಡಬಹುದು, ಆದರೆ ಮೊದಲ ಪಾಠಕ್ಕೆ ಇದೇ ಸರಿ.

10. ಕರೆಂಟ್ ಹೋದರೆ ಆಟ ಮುಗಿಯಿತೆಂದು ಏಳಬೇಡಿ

ಸಿನಿಮಾ ಬರುವ ಎಷ್ಟೋ ಮೊದಲೇ ನಮ್ಮ ಊರುಗಳಿಗೆ ಬಿಳಿ ಪರದೆ ಬಂದಿತ್ತು. ತೊಗಲುಗೊಂಬೆಯವರು ಪಂಚೆ ಕಟ್ಟಿ, ಹಿಂದೆ ದೀಪ ಹಚ್ಚಿ, ರಾಮಾಯಣ ಮಹಾಭಾರತ ಆಡಿಸಿ ಹೋಗುತ್ತಿದ್ದರು. ಮೊದಲಿಗೆ ಹಾಸ್ಯದ ಗೊಂಬೆ ಕಿಳ್ಳೇಕ್ಯಾತ ಬಂದು ಎಲ್ಲರನ್ನೂ ನಗಿಸುತ್ತಿದ್ದ. ರಟ್ಟಿನಲ್ಲಿ ನಾಲ್ಕು ಗೊಂಬೆ ಕತ್ತರಿಸಿ ಕಡ್ಡಿ ಅಂಟಿಸಿ ಮೊದಲೇ ಸಿದ್ಧವಿಡಿ. ಕರೆಂಟ್ ಹೋದ ಕೂಡಲೇ ಪರದೆಯ ಹಿಂದಿನ ಕಂಬಳಿ ತೆಗೆದು, ಟಿವಿ ನೋಡುತ್ತಿದ್ದರೆ ಒಂದು ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಸಿನಿಮಾ ನಿಂತ ಜಾಗದಿಂದ ಮುಂದಿನ ಕಥೆಯನ್ನು ಮಕ್ಕಳೇ ಆಡಿಸಿ ತೋರಿಸಲಿ. ಗೊಂಬೆ ಬಟ್ಟೆಗೆ ತಾಗಿದಷ್ಟೂ ನೆರಳು ಚೂಪು, ದೀಪದ ಕಡೆ ಸರಿದಷ್ಟೂ ದೊಡ್ಡದು. ರಾಕ್ಷಸನನ್ನು ದೀಪದ ಹತ್ತಿರ ಹಿಡಿಯಬೇಕೆಂದು ಅವರೇ ಕಂಡುಕೊಳ್ಳುತ್ತಾರೆ.

11. ಒಬ್ಬರೇ ನಟಿಸುವ ಸಿನಿಮಾ ತೆಗೆಯಿರಿ

ಬರಗೂರು ರಾಮಚಂದ್ರಪ್ಪನವರ ಶಾಂತಿ ಸಿನಿಮಾದಲ್ಲಿ ತೆರೆಯ ಮೇಲೆ ಇರುವವರು ಒಬ್ಬರೇ, ನಟಿ ಭಾವನಾ. ಒಂದೇ ಪಾತ್ರದಲ್ಲಿ ಇಡೀ ಸಿನಿಮಾ ನಿಲ್ಲುವುದಾದರೆ ಮೂರು ನಿಮಿಷ ನಿಮ್ಮ ಮಗಳು ನಿಲ್ಲಿಸಲಾರಳೇ? ಫೋನ್ ಅಡ್ಡ ಹಿಡಿದು ತೆಗೆಯಿರಿ. ಕಳೆದುಹೋದ ಕುರಿಮರಿ ಹುಡುಕುವ ಹುಡುಗಿ, ಬಸ್ಸಿಗೆ ಕಾಯುವ ಅಜ್ಜಿ, ಕಥೆ ಇಷ್ಟೇ ಸಾಕು. ಉಳಿದವರ ದನಿ ಕೇಳಿಸಬಹುದು, ಮುಖ ಕಾಣಿಸಬಾರದು. ಶನಿವಾರ ದೊಡ್ಡ ಸಿನಿಮಾಕ್ಕೆ ಮುಂಚೆ ಇದನ್ನು ಹಾಕಿ.

12. ಸಿನಿಮಾ ತೆಗೆದ ಜಾಗಕ್ಕೆ ಹೋಗಿಬನ್ನಿ

ನಾಗರಹಾವು ನೋಡಿದ ಮರುವಾರ ಚಿತ್ರದುರ್ಗದ ಬಸ್ ಹತ್ತಿ. ಶಿರಾದಿಂದ ಹಿರಿಯೂರು ದಾಟಿದರೆ ಬಂತು. ಓಬವ್ವನಾಗಿ ಜಯಂತಿ ಒನಕೆ ಹಿಡಿದು ನಿಂತ ಕೋಟೆಯ ಕಿಂಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಆ ಕಿಂಡಿ ಎಷ್ಟು ಕಿರಿದು ಎಂದು ಅವರೇ ನೋಡಲಿ.

13. ನಿದ್ದೆಹೋದವರಿಗೂ ಕಥೆ ಸಿಗಲಿ

ಟೆಂಟಿನಿಂದ ಹಿಂದಿರುಗುವಾಗ ಅಪ್ಪಂದಿರ ಹೆಗಲ ಮೇಲೆ ಒಂದೊಂದು ಮಗು ಮಲಗಿರುತ್ತಿತ್ತು. ಮನೆಯಲ್ಲಾದರೆ ಆ ಕಷ್ಟವಿಲ್ಲ, ಕಂಬಳಿಯ ಮೇಲೆ ಮಲಗಿದ ಮಗುವಿಗೆ ಅಲ್ಲೇ ಹೊದೆಸಿ. ಎಬ್ಬಿಸಬೇಡಿ, ಬೈಯಬೇಡಿ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಉಳಿದ ಕಥೆಯನ್ನು ಮನೆಯ ಹಿರಿಯರು ಹೇಳಬೇಕು ಎಂದು ಕಟ್ಟಳೆ ಮಾಡಿ. ಅಜ್ಜಿ ಹೇಳುವ ಕೊನೆ ಸಿನಿಮಾದಲ್ಲಿದ್ದ ಕೊನೆಗಿಂತ ಬೇರೆಯಾಗಿದ್ದರೆ, ಎಚ್ಚರವಿದ್ದು ನೋಡಿದವರು ಬಾಯಿ ಬಿಡಬಾರದು.