ಮಾತ್ರೆ ದಿನಕ್ಕೆ ಎಷ್ಟು ಹೊತ್ತು? ಡಾಕ್ಟರನ್ನು ಕೇಳೋಣ



ಮನೆಯಲ್ಲಿ ವಯಸ್ಸಾದ ಅತ್ತೆಯೋ ಮಾವನೋ ಇದ್ದರೆ ಮಾತ್ರೆ ಕೊಡುವ ಕೆಲಸ ಹೆಚ್ಚಾಗಿ ನಮ್ಮದೇ. ಮಧ್ಯಾಹ್ನದ ಒಂದು ಮಾತ್ರೆಗಾಗಿ ಒಬ್ಬರು ಕೂಲಿ ಬಿಟ್ಟು ಮನೆಯಲ್ಲಿರಬೇಕು, ಇಲ್ಲವೇ ಪಕ್ಕದ ಮನೆಯವರನ್ನು ಕೇಳಿಕೊಳ್ಳಬೇಕು. ಹೋಂ ನರ್ಸ್ ಕರೆಸುವವರಿಗೆ ಅದೊಂದು ಖರ್ಚು. ಮರೆತರೆ ರಾತ್ರಿ ಎರಡೂ ಸೇರಿಸಿ ಕೊಡುವುದುಂಟು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೀಗೆ ಕೊಟ್ಟರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ಆ ಮಧ್ಯಾಹ್ನದ ಮಾತ್ರೆ ಬೇಕೇ ಬೇಕಾ ಅಂತ ನಮ್ಮಲ್ಲಿ ಎಷ್ಟು ಮಂದಿ ಡಾಕ್ಟರನ್ನು ಕೇಳಿದ್ದೇವೆ?

ಮಾತ್ರೆ ಹೆಚ್ಚುವುದು ಹೇಗೆ?

ಬಿ.ಪಿ.ಗೆ ಒಬ್ಬ ಡಾಕ್ಟರು, ಸಕ್ಕರೆಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು ಬರೆದುಕೊಡುತ್ತಾರೆ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವವರಿಲ್ಲ. ಕಂಪನಿಯ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು. ಕೆಲವು ವಾರಕ್ಕೆಂದು ಕೊಟ್ಟ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ. ನೋವಿನ ಮಾತ್ರೆ ಬಹಳ ದಿನ ನುಂಗಿದರೆ ಬಿ.ಪಿ. ಏರಬಹುದು, ಕಿಡ್ನಿ ಕೆಡಬಹುದು.

ನಾವು ಮಾಡಬೇಕಾದ್ದು

1. ಎಲ್ಲ ಮಾತ್ರೆ, ಟಾನಿಕ್, ನಾಟಿ ಔಷಧ, ಹಳೇ ಚೀಟಿಗಳನ್ನು ಒಂದೇ ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯೋಣ.

2. ಪ್ರತಿ ಮಾತ್ರೆಯೂ ಯಾವುದಕ್ಕೆ, ಎಷ್ಟು ದಿನ, ಈಗಲೂ ಬೇಕೇ ಎಂದು ಕೇಳೋಣ.

3. "ಮಧ್ಯಾಹ್ನ ಕೊಡೋಕೆ ಮನೇಲಿ ಯಾರೂ ಇರಲ್ಲ. ಒಂದೋ ಎರಡೋ ಹೊತ್ತಿಗೆ ಇಳಿಸೋಕಾಗುತ್ತಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಬಿ.ಪಿ.ಯ ಅಮ್ಲೋಡಿಪಿನ್ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ. ಸಕ್ಕರೆಯ ಮೆಟ್‌ಫಾರ್ಮಿನ್‌ನಲ್ಲಿ ನಿಧಾನವಾಗಿ ಕರಗುವ ಬಗೆಯೂ ಇದೆ. ಅದನ್ನು ಪುಡಿ ಮಾಡಬಾರದು.

4. ಹೊಸ ಪಟ್ಟಿ ಬರೆಸಿ ಗೋಡೆಗೆ ಅಂಟಿಸೋಣ. ಬೇಡವಾದ ಮಾತ್ರೆಗಳನ್ನು ಮನೆಯಲ್ಲಿ ಇಡುವುದು ಬೇಡ.

ಎಚ್ಚರ!

ನಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಹೊತ್ತು ಬದಲಿಸಬಾರದು. ಫಿಟ್ಸ್, ಹೃದಯದ ಕಾಯಿಲೆ, ಸ್ಟಿರಾಯ್ಡ್ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು. ಕೆಲವನ್ನು ಬೇರೆ ಬೇರೆ ಹೊತ್ತಿನಲ್ಲೇ ಕೊಡಬೇಕು: ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಅದಾದ 4 ಗಂಟೆ ಮೇಲೆ.

ಇಂಗ್ಲೆಂಡಿನಲ್ಲೂ ಮಾತ್ರೆ ಕೊಡುವುದಕ್ಕೆಂದೇ ಆರೈಕೆಯವರು ರೋಗಿಗಳ ಮನೆಗೆ ಬರುವುದಿದೆ. ಹಲವು ಮಾತ್ರೆ ನುಂಗುವವರ ಔಷಧಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸುವ ಏರ್ಪಾಡು ಅಲ್ಲಿ 2020ರಿಂದ ಇದೆ. ನಮ್ಮಲ್ಲಿ ಅದನ್ನು ನಾವೇ ಕೇಳಿ ಪಡೆಯಬೇಕು.

ಸಂಘದ ಸಭೆಯಲ್ಲಿ ಚರ್ಚಿಸೋಣ

* ಮಾತ್ರೆ ಕೊಡಲಿಕ್ಕಾಗಿ ಯಾರ ಮನೆಯಲ್ಲಿ ಕೂಲಿ ತಪ್ಪುತ್ತಿದೆ?
* ಈ ತಿಂಗಳು ಯಾರ ಚೀಲ ಆಸ್ಪತ್ರೆಗೆ ಹೋಗಬೇಕು? ಜೊತೆಗೆ ಯಾರು ಹೋಗುತ್ತೀರಿ?